ಮೂರು ಬೊಗಸೆ ಉಪ್ಪಿನ ನಿಜ ಸಂಗತಿ

“ನಮ್ಮ ಅಡುಗೆಮನೆಯಲ್ಲಿ ಯಾರೂ ಬಾಯಿ ಕಟ್ಟಿಕೊಂಡು ದುಡಿದವರಲ್ಲ. ಮಾಲೀಕರು ಸಲಹಾ ಪೆಟ್ಟಿಗೆಯನ್ನು ತೂಗುಹಾಕಿದ ದಿನದಿಂದ ಪ್ರತಿಯೊಬ್ಬ ನೌಕರನೂ ನಿರ್ಭಯವಾಗಿ ಮನಸ್ಸು ಬಿಚ್ಚಿ ಮಾತಾಡತೊಡಗಿದನು. ಒಮ್ಮೆ ಸಾಂಬಾರಿಗೆ ಉಪ್ಪಿಲ್ಲವೆಂದು ಒಬ್ಬ ಮಹಿಳೆ ತಿಳಿಸಿದಾಗ ಮಾಲೀಕರು ಆಕೆಗೆ ಕೈಮುಗಿದು ಕೃತಜ್ಞತೆ ಸಲ್ಲಿಸಿದರು.”

ನವಿ ಮುಂಬಯಿ ಮಹಾಪೆಯ ಒಂದು ದೊಡ್ಡ ಅಡುಗೆಮನೆಯವರು ತಮ್ಮ ಇಪ್ಪತ್ತೈದನೆಯ ವರ್ಷದ ಸಂಭ್ರಮಕ್ಕೆ ಅಚ್ಚು ಹಾಕಿಸಿದ ಪುಸ್ತಿಕೆಯ ಒಂಬತ್ತನೆಯ ಪುಟದಲ್ಲಿ ಹೀಗೆ ಬರೆದಿದೆ. ಅದರ ಕರಡನ್ನು ತಿದ್ದಿಕೊಡಲು ನನಗೇ ಕಳಿಸಿದ್ದರು. ಈ ಮೂರು ವಾಕ್ಯಗಳ ಪಕ್ಕದಲ್ಲಿ ನಾನು “ಮೊದಲನೆಯದು ಸುಳ್ಳು, ಎರಡನೆಯದು ತಲೆಕೆಳಗು, ಮೂರನೆಯದು ಹಾಗೆ ನಡೆದೇ ಇಲ್ಲ” ಎಂದು ಕೆಂಪು ಶಾಯಿಯಲ್ಲಿ ಬರೆದು ಹಿಂದಿರುಗಿಸಿದೆ. ಅಚ್ಚಾಗಿ ಬಂದಾಗ ನೋಡುತ್ತೇನೆ, ನಾನು ಸೂಚಿಸಿದ ಎರಡು ಅಲ್ಪವಿರಾಮಗಳನ್ನು ಶ್ರದ್ಧೆಯಿಂದ ಸೇರಿಸಿದ್ದರು; ಸಂಗತಿಗಳನ್ನು ಇದ್ದ ಹಾಗೆಯೇ ಬಿಟ್ಟಿದ್ದರು. ಅಲ್ಪವಿರಾಮಕ್ಕಾಗಿ ಅಲ್ಲ ನಾನು ಕನ್ನಡಕ ಹಾಕಿಕೊಂಡು ಎರಡು ಸಂಜೆ ಕೂತದ್ದು. ಆದುದರಿಂದ ಈ ಬರವಣಿಗೆ.

ಆ ಅಡುಗೆಮನೆಯಲ್ಲಿ ನಾನು ಹದಿಮೂರು ವರ್ಷ ಉಗ್ರಾಣ ನೋಡಿಕೊಂಡಿದ್ದೆ. ಶಾಲೆ ಏಳನೆಯ ತರಗತಿಗೆ ಮುಗಿದಿತ್ತು. ಆಮೇಲೆ ಕಲಿತದ್ದೆಲ್ಲ ಬೇಳೆ ಜೀರಿಗೆ ಕಟ್ಟಿ ಬಂದ ಹಳೆಯ ಪತ್ರಿಕೆಗಳಿಂದ ಮತ್ತು ಡೊಂಬಿವಲಿ ಸ್ಟೇಷನ್ನಿನ ಹೊರಗೆ ಗೋಣಿಯ ಮೇಲೆ ಹರಡಿರುತ್ತಿದ್ದ ಪುಸ್ತಕಗಳಿಂದ. ಪೊಟ್ಟಣದ ಕಾಗದದಿಂದ ವಿದ್ಯೆ ಕಲಿತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಅವನಿಗೆ ಯಾವಾಗಲೂ ಅರ್ಧ ಪುಟವೇ ಸಿಗುವುದರಿಂದ, ಹರಿದುಹೋದ ಇನ್ನರ್ಧದಲ್ಲಿ ಏನಿತ್ತು ಎಂಬ ಸಂಶಯ ಜೀವಮಾನವಿಡೀ ಬಿಡುವುದಿಲ್ಲ. ಒಂಬತ್ತನೆಯ ಪುಟದ ಹರಿದುಹೋದ ಅರ್ಧ ನನ್ನ ಬಳಿ ಇದೆ.

ಮೊದಲು ಅಡುಗೆಮನೆಯ ಕ್ರಮವನ್ನು ಹೇಳಬೇಕು. ಅಲ್ಲಿಂದ ಸುತ್ತಲಿನ ಕಂಪ್ಯೂಟರ್ ಕಚೇರಿಗಳಿಗೆ ಮಧ್ಯಾಹ್ನದ ಊಟ ಹೋಗುತ್ತಿತ್ತು. ಕೆಲಸಕ್ಕೆ ಅರವತ್ತು ಜನ. ಬೇಯಿಸುವವರು ಹೆಚ್ಚಾಗಿ ಉಡುಪಿಯ ಕಡೆಯವರು. ಹೇರುವ, ತೊಳೆಯುವ, ತುಂಬುವ ಕೆಲಸದವರು ಕಲಬುರಗಿ, ರಾಯಚೂರುಗಳಿಂದ ಬಂದು ಕಳವಾದಲ್ಲಿ ಕೋಣೆ ಹಿಡಿದವರು. ಮಾಲೀಕರೂ ಉಡುಪಿಯವರೇ. ಕರಾವಳಿಯವರು ಅವರನ್ನು ಅಣ್ಣ ಎನ್ನುತ್ತಿದ್ದರು, ಉಳಿದವರು ಸೇಠ್ ಎನ್ನುತ್ತಿದ್ದರು. ಎತ್ತರದ ಆಳು, ಒಳ್ಳೆಯ ಮನಸ್ಸು, ಕೈಗಳು ಮಾತ್ರ ಮೊರದ ಹಾಗೆ. ಅವರ ಮುಖದ ಮೇಲೆ ಎರಡು ಹುಬ್ಬುಗಳಿದ್ದವು. ಹುಬ್ಬು ಎಲ್ಲರಿಗೂ ಇರುತ್ತದೆ ಎನ್ನಬಹುದು. ಆದರೆ ಇವು ಸಂಸ್ಥೆಯ ಹುಬ್ಬುಗಳು. ಅವು ಮೇಲೇರಿದರೆ ಹಬೆಯಾಡುತ್ತಿದ್ದ ಅಡುಗೆಮನೆಯಲ್ಲಿ ಚಳಿಯಾಗುತ್ತಿತ್ತು.

ನಮ್ಮಲ್ಲಿ ದೇವರ ನೈವೇದ್ಯಕ್ಕೆ ಮುಂಚೆ ಯಾರೂ ಅಡುಗೆಯ ರುಚಿ ನೋಡುವಂತಿರಲಿಲ್ಲ. ಹಿರಿಯ ಅಡುಗೆ ಭಟ್ಟರು ಕಣ್ಣಿನಿಂದಲೂ ಮೂಗಿನಿಂದಲೂ ಹದ ತಿಳಿಯುತ್ತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಅಣ್ಣ ಒದ್ದೆ ತಲೆಯಲ್ಲಿ ಬಂದು, ದೊಡ್ಡ ಕೊಪ್ಪರಿಗೆಯ ಮುಂದೆ ನಿಂತು, ಕಣ್ಣು ಮುಚ್ಚಿ, ಎರಡೂ ಕೈ ಸೇರಿಸಿದ ಬೊಗಸೆಯಿಂದ ಮೂರು ಸಲ ಸಾಂಬಾರಿಗೆ ಉಪ್ಪು ಸುರಿಯುತ್ತಿದ್ದರು. ಅದು ಅವರ ಕೈಗುಣವೆಂದು ಪ್ರತೀತಿ. ಬಳಿಕ ನೈವೇದ್ಯ. ಆಮೇಲೆ ಅಂಗೈಗೆ ನಾಲ್ಕು ಹನಿ ಹಾಕಿಸಿಕೊಂಡು ಅಣ್ಣನೇ ಮೊದಲು ನೆಕ್ಕಿ “ಫಸ್ಟ್ ಕ್ಲಾಸ್” ಎನ್ನುತ್ತಿದ್ದರು. ಅವರು ಫಸ್ಟ್ ಕ್ಲಾಸ್ ಎಂದ ಮೇಲೆ ಸೆಕೆಂಡ್ ಕ್ಲಾಸ್ ಎನ್ನುವ ನಾಲಿಗೆ ಆ ಕಟ್ಟಡದಲ್ಲಿ ಇರಲಿಲ್ಲ.

ಈ ಕೈಗುಣ ಆರಂಭವಾದ ದಿನ ನಡೆದದ್ದನ್ನು ಪುಸ್ತಿಕೆ ಹೇಳುವುದಿಲ್ಲ. ಅಂದು ಭಟ್ಟರು ತಮ್ಮ ಅಂದಾಜಿನಂತೆ ಉಪ್ಪು ಹಾಕಿ ಮುಗಿಸಿದ್ದರು. ಅದರ ಮೇಲೆ ಅಣ್ಣನ ಮೂರು ಬೊಗಸೆ ಬಿತ್ತು. ಅಣ್ಣ ನೆಕ್ಕಿ, ಕಣ್ಣಲ್ಲಿ ನೀರು ತಂದುಕೊಂಡು, “ಫಸ್ಟ್ ಕ್ಲಾಸ್” ಎಂದರು. ನಾವೆಲ್ಲ ಅದನ್ನೇ ಉಂಡು ಸಂಜೆಯವರೆಗೆ ಒಂಟೆಗಳಂತೆ ನೀರು ಕುಡಿದೆವು. ಮರುದಿನ ಭಟ್ಟರು ಅಣ್ಣನಿಗೆ ಏನೂ ಹೇಳಲಿಲ್ಲ. ತಾವು ಉಪ್ಪು ಹಾಕುವುದನ್ನೇ ನಿಲ್ಲಿಸಿಬಿಟ್ಟರು. ಮಾಲೀಕರಿಗೆ ಒಂದು ಮಾತು ಹೇಳುವುದಕ್ಕಿಂತ ಇಡೀ ಪಾಕವನ್ನು ಅವರ ಕೈಗಳ ಸುತ್ತ ಮತ್ತೆ ಕಟ್ಟುವುದು ಸುಲಭವಾಗಿ ಕಂಡಿತು.

ಅಣ್ಣ ಊರಿಗೆ ಹೋದ ದಿನಗಳ ಗತಿಯೇನು? ಅದಕ್ಕೂ ಭಟ್ಟರು ಉಪಾಯ ಮಾಡಿದ್ದರು. ಒಂದು ದೊಡ್ಡ ತೆಂಗಿನ ಗೆರಟೆಯನ್ನು ಉಜ್ಜಿ, ಒರೆಸಿ, ಅಣ್ಣನ ಬೊಗಸೆಯಲ್ಲಿ ಹಿಡಿಯುವಷ್ಟೇ ಉಪ್ಪು ಹಿಡಿಯುವಂತೆ ಅಂಚು ಕೆರೆದು, ನನ್ನ ಉಗ್ರಾಣದಲ್ಲಿ ಇಂಗಿನ ಡಬ್ಬದ ಹಿಂದೆ ಇಟ್ಟಿದ್ದರು. ಅಣ್ಣ ಇಲ್ಲದ ಬೆಳಿಗ್ಗೆ ಭಟ್ಟರು ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ, “ಅಣ್ಣ ಇದ್ದಾರಾ?” ಎಂದು ಕೇಳುತ್ತಿದ್ದರು. ನಾನು “ಇದ್ದಾರೆ” ಎಂದು ಗೆರಟೆಯನ್ನು ಕೊಡುತ್ತಿದ್ದೆ. ಉಗ್ರಾಣದ ಮರ್ಯಾದೆಗೆ ತಕ್ಕಂತೆ ಅದನ್ನು ಎರಡೂ ಕೈಗಳಿಂದ ಕೊಡುತ್ತಿದ್ದೆ.

ಇನ್ನು ಪೆಟ್ಟಿಗೆಯ ವಿಷಯ. ಅಣ್ಣನ ಮಗಳು ಇಲ್ಲಿಯೇ ಹುಟ್ಟಿ, ಇಲ್ಲಿಯೇ ಎಂ.ಬಿ.ಎ. ಓದಿ, ಕೆಲಸಗಾರರ ವ್ಯವಹಾರ ನೋಡಿಕೊಳ್ಳಲು ಬಂದಳು. ಕನ್ನಡ ಅರ್ಥವಾಗುತ್ತಿತ್ತು; ಉತ್ತರ ಮಾತ್ರ ಹಿಂದಿಯಲ್ಲಿ. ವಾಶಿಯ ಒಂದು ಹೋಟೆಲಿನಲ್ಲಿ ಒಡೆಯರಿಗಾಗಿ ನಡೆದ ಶಿಬಿರಕ್ಕೆ ತಂದೆಯನ್ನೂ ಕರೆದೊಯ್ದಳು. ಹಿಂದಿರುಗಿದ ಮರುದಿನವೇ ಹೇಳಿದಳು:

“ಪಪ್ಪಾ, ಲೋಗ್ ಡರ್‌ತೇ ಹೈ. ಸಜೆಶನ್ ಬಾಕ್ಸ್ ಲಗಾತೇ ಹೈ.”

“ಯಾರು ಹೆದರುವುದು? ಯಾರಿಗೆ ಹೆದರುವುದು?” ಎಂದು ಅಣ್ಣ ಗುಡುಗಿದರು. ಅಲ್ಲಿ ನಿಂತಿದ್ದ ಆರು ಜನ ಒಟ್ಟಿಗೆ ಎರಡು ಹೆಜ್ಜೆ ಹಿಂದೆ ಸರಿದು, ಯಾರೂ ಹೆದರುವುದಿಲ್ಲವೆಂದು ಖಚಿತಪಡಿಸಿದರು.

ಪೆಟ್ಟಿಗೆಗೆ ಬೀಗವಿತ್ತು, ಮೇಲೆ ಸೀಳಿತ್ತು. ಅದನ್ನು ಅಣ್ಣನ ಗಾಜಿನ ಕೋಣೆಯ ಎದುರು, ಕ್ಯಾಮೆರಾದ ಕೆಳಗೆ ತೂಗುಹಾಕಿದರು. ಅಲ್ಲಿ ಮೊದಲೇ ಒಂದು ಮೊಳೆ ಇತ್ತು ಎಂಬುದಷ್ಟೇ ಕಾರಣ. ಮೊದಲ ವಾರ ತೆರೆದಾಗ ಒಂದು ಬಸ್ಸಿನ ಟಿಕೀಟು, ಎರಡು ತುಳಸೀದಳ, ಒಂದು ರೂಪಾಯಿಯ ನಾಣ್ಯ ಸಿಕ್ಕವು. ಬೀಗವಿದ್ದು ಸೀಳಿದ್ದು ಎತ್ತರದಲ್ಲಿರುವ ಪೆಟ್ಟಿಗೆಯನ್ನು ನಮ್ಮ ಜನ ಹುಂಡಿಯೆಂದು ತಿಳಿದರೆ ಅದು ಅವರ ತಪ್ಪಲ್ಲ.

ಮಗಳು ಎಲ್ಲರನ್ನೂ ಕೂಡಿಸಿ, ಹೆಸರು ಬರೆಯಬೇಕಿಲ್ಲ, ದೂರು ಬರೆದರೆ ಸಾಕು ಎಂದು ವಿವರಿಸಿದಳು. ಬರೆಯುವುದೇ ತೊಡಕಾಗಿತ್ತು. ಹಲವರಿಗೆ ಅಕ್ಷರ ಬಾರದು. ಇಲ್ಲಿ ಶಾಲೆ ಕಲಿತ ಹುಡುಗರಿಗೆ ಮರಾಠಿ ಬಂದರೆ ಅಣ್ಣನಿಗೆ ಓದಲು ಬಾರದು. ಹೀಗಾಗಿ ಅವರೆಲ್ಲ ಒಬ್ಬೊಬ್ಬರಾಗಿ, ಅತ್ತಿತ್ತ ನೋಡುತ್ತ, ಉಗ್ರಾಣಕ್ಕೆ ಬಂದು ನನ್ನ ಕಿವಿಯಲ್ಲಿ ಹೇಳಿದರು; ನಾನು ಬರೆದುಕೊಟ್ಟೆ. ಹೇಳಿದಂತೆಯೇ ಬರೆದಿದ್ದರೆ ಬಚಾವಾಗುತ್ತಿದ್ದೆನೋ ಏನೋ. ಭಾಷೆ ಶುದ್ಧವಾಗಿರಲೆಂದು “ಚಿಲಕದ ಅಭಾವದಿಂದ ಮಾನಹಾನಿಯ ಸಂಭವವಿದೆ” ಎಂಬಂಥ ವಾಕ್ಯಗಳನ್ನು ಕಟ್ಟಿದೆ. ಹತ್ತೊಂಬತ್ತು ಚೀಟಿಗಳು. ಎಲ್ಲವೂ ನನ್ನ ದುಂಡು ಅಕ್ಷರದಲ್ಲಿ, ನನ್ನ ನೀಲಿ ಪೆನ್ನಿನಲ್ಲಿ, ಉಗ್ರಾಣದ ಗೆರೆ ಹಾಳೆಯ ಮೇಲೆ.

ಶನಿವಾರ ಅಣ್ಣ ಎಲ್ಲರ ಎದುರು ಪೆಟ್ಟಿಗೆ ತೆರೆದರು. ಮೂರು ಚೀಟಿ ಓದುವಷ್ಟರಲ್ಲಿ ಹುಬ್ಬು ಏರತೊಡಗಿತು. ಹತ್ತೊಂಬತ್ತೂ ಮುಗಿದಾಗ ಅವು ಹಣೆಯ ಗಡಿ ಮುಟ್ಟಿದ್ದವು. ನನ್ನನ್ನು ಕರೆದರು.

“ಇಷ್ಟೂ ನಿಮ್ಮದಾ ಮಾರಾಯ್ರೆ?”

ಕಿವಿಯಲ್ಲಿ ಹೇಳಿದವರ ಹೆಸರನ್ನು ಬಾಯಿಯಿಂದ ಹೇಳುವುದು ನನ್ನಿಂದಾಗದು. “ಹೌದು” ಎಂದೆ.

“ಹೆಂಗಸರ ಬಾತ್‌ರೂಮಿಗೆ ಚಿಲಕ ಇಲ್ಲದೆ ನಿಮಗೆ ಎಂತ ತೊಂದರೆ?”

“ಸ್ವಲ್ಪ ತೊಂದರೆ ಉಂಟು” ಎಂದೆ.

“ಸೀರೆಯ ಮೇಲೆ ಏಪ್ರನ್ ನಿಲ್ಲುವುದಿಲ್ಲವಾ ನಿಮಗೆ?”

“ನಿಲ್ಲುವುದಿಲ್ಲ ಅಣ್ಣ.”

ಅಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಹೆಂಡತಿಗೆ ಏಳು ತಿಂಗಳು, ಸೀಮಂತಕ್ಕೆ ಎಂಟು ದಿನ ರಜೆ ಬೇಕು ಅಂತ ಬರೆದಿದ್ದೀರಿ. ನಿಮಗೆ ಅರವತ್ತೆರಡು ಆಯ್ತಲ್ವಾ?”

“ಆಯ್ತು ಅಣ್ಣ” ಎಂದೆ. ಸತ್ಯಶೋಧಕನೆಂದು ಹೆಮ್ಮೆಪಟ್ಟುಕೊಳ್ಳುತ್ತಿದ್ದವನು ಅಂದು ಅರವತ್ತು ಜನರ ಎದುರು ಹೆಂಡತಿಯನ್ನು ಬಸುರಿ ಮಾಡಿ ನಿಂತಿದ್ದೆ. ಸುದ್ದಿ ನನಗಿಂತ ಮೊದಲೇ ಡೊಂಬಿವಲಿ ತಲುಪಿತ್ತು. ಮನೆಗೆ ಹೋದಾಗ ನನ್ನಾಕೆ ಬಾಗಿಲಲ್ಲೇ ನಿಂತು, “ಎಂತ, ನನಗೆ ಸೀಮಂತವಂತೆ? ಕೆಳಗಿನ ಮನೆಯವರು ಈಗಷ್ಟೇ ಹೇಳಿದ್ರು. ಹಸಿರು ಬಳೆ ತಂದಿದ್ದೀರಾ, ಬರಿಗೈಯಲ್ಲಿ ಬಂದಿದ್ದೀರಾ?” ಎಂದಳು.

ಪೆಟ್ಟಿಗೆಯಿಂದ ಎಲ್ಲರ ಬಾಯಿ ತೆರೆಯಿತು ಎನ್ನುವವರು ಆ ಶನಿವಾರದ ನಂತರದ ಸೋಮವಾರ ಅಲ್ಲಿಗೆ ಬಂದು ನೋಡಬೇಕಿತ್ತು. ಒಲೆಯ ಮೇಲಿನ ಹಾಲು ಉಕ್ಕುತ್ತಿದ್ದರೂ ಯಾರೂ “ಹಾಲು” ಎನ್ನಲಿಲ್ಲ. ಒಬ್ಬ ದೂರು ಹೇಳಿದರೆ ಅವನಿಗೆ ಏನಾಗುತ್ತದೆ ಎಂಬುದನ್ನು ಜನ ಕಂಡಿದ್ದರು: ಅವನು ಅರವತ್ತೆರಡನೆಯ ವಯಸ್ಸಿನಲ್ಲಿ ಸೀರೆ ಉಟ್ಟ ತಂದೆಯಾಗುತ್ತಾನೆ.

ಅದಾಗಿ ಎರಡು ತಿಂಗಳಿಗೆ ಅಣ್ಣ ವಾಶಿಯ ಇನ್ನೊಂದು ಶಿಬಿರಕ್ಕೆ ಹೋಗಿಬಂದರು. ಅಲ್ಲಿ ಅವರಿಗೆ ಕಲಿಸಿದ್ದನ್ನು ಆಮೇಲೆ ಅವರೇ ನನಗೆ ಹೇಳಿದ್ದಾರೆ. ಒಡೆಯನಾದವನು ಎಲ್ಲದಕ್ಕೂ ತಾನೇ ಕೈ ಹಾಕಬಾರದು. ತಪ್ಪು ಕಂಡರೂ ತಾನು ಮೊದಲು ಆಡದೆ ಕೆಲಸಗಾರರು ಆಡುವವರೆಗೆ ಕಾಯಬೇಕು. ಮತ್ತು ಇದನ್ನೆಲ್ಲ ಭಾಷಣ ಮಾಡದೆ ಸದ್ದಿಲ್ಲದೆ ಮಾಡಬೇಕು. ಅಣ್ಣ ಮೂರನ್ನೂ ಮನಸ್ಸಿಗೆ ತಂದುಕೊಂಡು, ಮೂರನ್ನೂ ಒಂದೇ ಬೆಳಿಗ್ಗೆ ಮಾಡಿದರು.

ಆ ಬೆಳಿಗ್ಗೆಯೇ ನಮ್ಮ ಅತಿದೊಡ್ಡ ಗಿರಾಕಿ ಕಚೇರಿಯಲ್ಲಿ ಹೊರಗಿನ ಅತಿಥಿಗಳ ಊಟವಿತ್ತು. ಹಿಂದಿನ ದಿನ ಅಣ್ಣ ಎಚ್ಚರಿಕೆ ಕೊಟ್ಟಿದ್ದರು: “ಒಂದು ಕಂಪ್ಲೇಂಟ್ ಬಂದರೂ ಡಬ್ಬ ತುಂಬಿದವರು ಮನೆಗೆ.” ಕೊನೆಯ ಕೈ ಅವರದಾದುದರಿಂದ ಯಾವ ತಪ್ಪಾದರೂ ಡಬ್ಬ ತುಂಬಿದವರ ತಲೆಗೆ ಬರುವುದು ನಮ್ಮಲ್ಲಿನ ರೂಢಿ. ಸಾಂಬಾರಿನ ಡಬ್ಬ ತುಂಬುತ್ತಿದ್ದವಳು ಕಲಬುರಗಿ ಕಡೆಯ ಒಬ್ಬ ಹೆಂಗಸು. ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಕಳವಾದಲ್ಲಿ ಒಂದು ಕೋಣೆ, ಮಲಗಿದಲ್ಲೇ ಇದ್ದ ಗಂಡ, ಕಾಲೇಜಿಗೆ ಹೋಗುವ ಮಗಳು; ಮೂವರೂ ಅವಳ ಸಂಬಳದ ಮೇಲೆ ನಿಂತಿದ್ದರು. ಆ ಕೆಲಸ ಹೋದರೆ ಅವಳಿಗೆ ಇನ್ನೊಂದು ಕೆಲಸ ಕಾದಿರಲಿಲ್ಲ.

ಒಂಬತ್ತಕ್ಕೆ ಅಣ್ಣ ಬಂದರು. ಕೊಪ್ಪರಿಗೆಯ ಮುಂದೆ ನಿಂತರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ನಮ್ಮನ್ನೆಲ್ಲ ನೋಡಿ ಮುಗುಳ್ನಕ್ಕರು. ಆ ಮುಗುಳ್ನಗೆಯೂ ಶಿಬಿರದಲ್ಲಿ ಕಲಿತದ್ದೇ ಇರಬೇಕು. ಅದನ್ನು ಕಂಡು ಸೌಟು ಹಿಡಿದವನೊಬ್ಬ ಸೌಟನ್ನು ಬೀಳಿಸಿದನು. ಉಪ್ಪು ಹಾಕದೆ ಅಣ್ಣ ಹೊರಟುಹೋದರು.

ಅರವತ್ತು ಜನ ನೋಡಿದೆವು. ಭಟ್ಟರು ನೋಡಿದರು. ಅಣ್ಣ ಕಟ್ಟಡದಲ್ಲಿಯೇ ಇರುವಾಗ ತಾವು ಉಪ್ಪು ಹಾಕಿದರೆ ಅಧಿಕಪ್ರಸಂಗ. ಆಮೇಲೆ ಬಂದು ಅಣ್ಣ ಹಾಕಿದರೆ ಒಂಟೆಗಳ ಗತಿ. ಗೆರಟೆಯನ್ನು ಕೇಳಲು ನನ್ನ ಬಾಗಿಲಿಗೆ ಬಂದರು, ಕೇಳದೆ ಹೋದರು. ನಾನೂ ನೋಡಿದೆ. ನೋಡಿ, ಉಗ್ರಾಣದೊಳಗೆ ಹೋಗಿ ಬೆಂಕಿಪೊಟ್ಟಣಗಳನ್ನು ಎಣಿಸಿದೆ. ಅಂದಿನ ನನ್ನ ಧೈರ್ಯದ ಪೂರ್ತಿ ವಿವರ ಇಷ್ಟೇ: ಅಡುಗೆಮನೆಯಲ್ಲಿ ಬೆಂಕಿಪೊಟ್ಟಣಗಳು ನಲವತ್ತೆರಡು ಇದ್ದವು.

ಉಪ್ಪಿಲ್ಲದ ಸಾಂಬಾರಿನ ನೈವೇದ್ಯವಾಯಿತು. ದೇವರೂ ಬಾಯಿ ಬಿಡಲಿಲ್ಲ. ಅಲ್ಲಿಗೆ ಸುಮ್ಮನಿದ್ದವರು ಅರವತ್ತೊಂದು.

ಅಣ್ಣ ಬಂದು ಅಂಗೈ ನೆಕ್ಕಿದರು. ಉಪ್ಪಿಲ್ಲವೆಂದು ಅವರಿಗೆ ಆ ಕ್ಷಣವೇ ತಿಳಿಯಿತು. ಆದರೆ ಯಾರಾದರೂ ಹೇಳಲಿ ಎಂದು ಕಾಯಬೇಕಲ್ಲ? ನಮಗೆ ಧೈರ್ಯ ಬರಲೆಂದು, ಎಂದಿಗಿಂತ ಜೋರಾಗಿ, “ಫಸ್ಟ್ ಕ್ಲಾಸ್!” ಎಂದರು. ಭಟ್ಟರೂ ನೆಕ್ಕಿ “ಫಸ್ಟ್ ಕ್ಲಾಸ್ ಅಣ್ಣ” ಎಂದರು. ನಾನು ನೆಕ್ಕಿ, ಹಿರಿಯನಾದುದರಿಂದ ಬೇರೆ ಪದ ಬಳಸಿ, “ಉತ್ತಮ” ಎಂದೆ. ಅವರು ನಮ್ಮನ್ನು ಪರೀಕ್ಷಿಸುತ್ತಿದ್ದರು. ನಾವು ಪರೀಕ್ಷೆಯೆಂದು ತಿಳಿದೇ ಹಾಗೆ ಉತ್ತರಿಸುತ್ತಿದ್ದೆವು. ಬಿಸಿನೀರಿನಲ್ಲಿ ಬೆಂದ ನುಗ್ಗೆಕಾಯಿಯ ಸುತ್ತ ಇಷ್ಟು ಜನ ಇಷ್ಟು ಗಂಭೀರವಾಗಿ ನಿಂತದ್ದನ್ನು ನಾನು ಮತ್ತೆ ಕಂಡಿಲ್ಲ.

ಅಕ್ಕ ಹದಿನೆಂಟು ಡಬ್ಬ ತುಂಬಿದಳು. ಮೊದಲ ಡಬ್ಬದಲ್ಲೇ ಕೈಮೇಲೆ ಸಿಡಿದ ಹನಿಯನ್ನು ನೆಕ್ಕಿ ತಿಳಿದುಕೊಂಡಿದ್ದಳಂತೆ. ಉಳಿದ ಹದಿನೇಳನ್ನು ತುಂಬುತ್ತ ನಮ್ಮೆಲ್ಲರ ಮುಖ ನೋಡಿದಳು. ನಾವು ಫ್ಯಾನು ನೋಡುತ್ತಿದ್ದೆವು. ಡಬ್ಬಗಳು ಟೆಂಪೋ ಏರಿದವು. ಆಗ ಅವಳು ಕೈ ಒರೆಸಿಕೊಂಡು ಅಣ್ಣನ ಎದುರು ಹೋಗಿ ನಿಂತಳು.

“ಸೇಠ್, ಸಾಂಬಾರಿನ್ಯಾಗ ಉಪ್ಪಾ ಇಲ್ರೀ.”

ಶಿಬಿರದ ಪ್ರಕಾರ ಅಣ್ಣ ಇಲ್ಲಿ ಸಂತೋಷಪಡಬೇಕಿತ್ತು. “ಭೇಷ್, ಹೇಳಿದಿರಲ್ಲ” ಎನ್ನಬೇಕೆಂದು ಎರಡು ದಿನದಿಂದ ಬಾಯಿಪಾಠ ಮಾಡಿದ್ದರಂತೆ. ಆದರೆ ಹುಬ್ಬುಗಳು ಶಿಬಿರಕ್ಕೆ ಹೋಗಿರಲಿಲ್ಲ. ಅವು ತಮ್ಮಷ್ಟಕ್ಕೆ ಏರಿದವು, ಅವುಗಳ ಹಿಂದೆಯೇ ಮಾತೂ ಹೊರಟಿತು.

“ನಾನು ಫಸ್ಟ್ ಕ್ಲಾಸ್ ಅಂದದ್ದು ನಿಮಗೆ ಕೇಳ್ಲಿಲ್ವಾ?”

“ಕಿವಿಗಿ ಕೇಳಿಸ್ತ್ರೀ. ನಾಲಿಗಿಗಿ ಕೇಳಿಸ್ಲಿಲ್ಲ.”

ಯಾರೋ ಕೆಮ್ಮಿದರು. ಅಣ್ಣ ಕೆಂಪಾದರು. “ಹೊರಗೆ ಹೋಗಿ ಕೂತ್ಕೊಳ್ಳಿ! ಆಮೇಲೆ ನೋಡುವ.”

ಅಕ್ಕ ಹೊರಗೆ ಹೋದಳು. ವಾಚ್‌ಮನ್ನನ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು, ಗೇಟಿನ ಸರಿಯಾಗಿ ನಡುವೆ ಇಟ್ಟು, ಕಾಲ ಮೇಲೆ ಸೆರಗು ಎಳೆದುಕೊಂಡು ಕೂತಳು. ಟೆಂಪೋ ಅವಳ ಮುಂದೆ ಬಂದು ನಿಂತಿತು. ಹಾರ್ನ್ ಹೊಡೆಯಿತು. ಮತ್ತೆ ಹೊಡೆಯಿತು.

“ಸರೀರಿ ಅಕ್ಕಾ, ಟೈಮ್ ಆತು!” ಎಂದ ಚಾಲಕ.

“ಸೇಠ್ ಹೊರಗ ಕುಂದ್ರು ಅಂದಾರ. ಕುಂತೀನಿ. ಅವರ ಮಾತು ಮೀರಲೇನು?”

ಅಣ್ಣ ಓಡಿಬಂದರು. ಅವರ ಹಿಂದೆ ಇಡೀ ಅಡುಗೆಮನೆ ಬಂತು; ಕೆಲಸದಲ್ಲಿರುವಂತೆ ಕಾಣಲೆಂದು ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಸೌಟು. ಮಗಳೂ ಫೋನು ಹಿಡಿದು ಬಂದಳು.

“ಏಳಿ ಮಾರಾಯ್ರೆ, ಗಾಡಿ ಹೋಗ್ಬೇಕು.”

“ಡಬ್ಬಾ ತುಂಬಿದಾಕಿ ನಾ. ಉಪ್ಪಿಲ್ಲಂತ ಅಲ್ಲಿಂದ ಫೋನ್ ಬರ್ತದ, ಮನಿಗಿ ಹೋಗಾಕಿನೂ ನಾನ. ಇವತ್ತ ಉಪ್ಪು ಹಾಕಿದ್ರ ಗಾಡಿ ಹೋಗ್ತದ್ರೀ, ಇಲ್ಲಂದ್ರ ಇಲ್ಲ. ದಿನಾ ಯಾರು ಹಾಕ್ತಿದ್ರೀ?”

“ನಾನು.”

“ಇವತ್ತ ಯಾಕ ಹಾಕ್ಲಿಲ್ರೀ?”

“ನಿಮಗೆಲ್ಲ ಸ್ವಾತಂತ್ರ್ಯ ಕೊಟ್ಟೆ” ಎಂದರು ಅಣ್ಣ.

“ಸ್ವಾತಂತ್ರ್ಯ ಬ್ಯಾಡ್ರೀ ಸೇಠ್, ಉಪ್ಪು ಕೊಡ್ರೀ.”

ಅಣ್ಣ ತಿರುಗಿ ನೋಡಿದರು. “ಭಟ್ರೆ, ಇಲ್ಲಿ ಬನ್ನಿ. ನಾನು ಹಾಕ್ಲಿಲ್ಲ, ಸರಿ. ನೀವು ಹಾಕುವ ಉಪ್ಪು ಎಲ್ಲಿ ಹೋಯ್ತು?”

ಭಟ್ಟರು ಸೌಟನ್ನು ಎದೆಗೆ ಅವಚಿಕೊಂಡರು. “ನಾನು ಹಾಕ್ಲಿಲ್ಲ ಅಣ್ಣ.”

“ಇವತ್ತು ಯಾಕೆ ಹಾಕ್ಲಿಲ್ಲ?”

“ಇವತ್ತಲ್ಲ. ಹನ್ನೊಂದು ವರ್ಷದಿಂದ ಹಾಕ್ಲಿಲ್ಲ.”

“ನಾನು ಊರಿಗೆ ಹೋದಾಗ?”

ಭಟ್ಟರು ನನ್ನತ್ತ ನೋಡಿದರು. ಎಲ್ಲರೂ ನನ್ನತ್ತ ನೋಡಿದರು. ನಾನು ಒಳಗೆ ಹೋಗಿ, ಇಂಗಿನ ಡಬ್ಬ ಸರಿಸಿ, ಗೆರಟೆಯನ್ನು ತಂದು, ಅಭ್ಯಾಸಬಲದಿಂದ ಎರಡೂ ಕೈಗಳಲ್ಲಿ ಮುಂದೆ ಹಿಡಿದೆ.

“ಎಂತದಿದು?” ಎಂದರು ಅಣ್ಣ.

“ಇದು ನೀವು” ಎಂದರು ಭಟ್ಟರು.

ಮಗಳಿಗೆ ಮೊದಲು ನಗು ಬಂತು. ಬಾಯಿ ಮುಚ್ಚಿಕೊಂಡಳು, ಮೂಗಿನಿಂದ ಬಂತು. ಹುಬ್ಬುಗಳು ಏರತೊಡಗಿದವು, ನಾಲ್ಕು ಜನ ಆಗಲೇ ಹಿಂಬಾಗಿಲಿನ ಕಡೆ ಹೆಜ್ಜೆ ಹಾಕಿದ್ದರು. ಆದರೆ ಅವು ಅರ್ಧದಲ್ಲಿ ನಿಂತವು. ಅಣ್ಣ ಉಪ್ಪಿನ ಚೀಲ ತರಿಸಿ, ಬೊಗಸೆ ತುಂಬಿಕೊಂಡು, ನಿಧಾನವಾಗಿ ಗೆರಟೆಗೆ ಸುರಿದರು. ಗೆರಟೆ ಅಂಚಿನವರೆಗೆ ತುಂಬಿತು. ಒಂದು ಹರಳು ಹೊರಗೆ ಬೀಳಲಿಲ್ಲ.

“ಸರಿಯಾಗಿ ಉಂಟಲ್ಲ!” ಎಂದರು. ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಬಳಿಕ ದನಿ ಇಳಿಯಿತು. “ಇದನ್ನು ಕೆರೆಯುವಷ್ಟು ಹೊತ್ತಲ್ಲಿ ನನಗೆ ಒಂದು ಮಾತು ಹೇಳ್ಬಹುದಿತ್ತಲ್ವಾ? ಹನ್ನೊಂದು ವರ್ಷದಲ್ಲಿ ಒಬ್ಬರಾದ್ರೂ?”

ಕುರ್ಚಿಯಿಂದ ಉತ್ತರ ಬಂತು.

“ಹೇಳಿದಾಕಿ ಇಲ್ಲಿ ಕುಂತೀನಲ್ರೀ, ಗೇಟಿನ್ಯಾಗ.”

ಅಣ್ಣ ಗೆರಟೆಯ ಉಪ್ಪನ್ನು ಮತ್ತೆ ಚೀಲಕ್ಕೆ ಸುರಿದರು. ಆಮೇಲೆ ಡಬ್ಬಗಳನ್ನು ಇಳಿಸಲು ಹೇಳಿದರು. ಅಲ್ಲಿ ಹೊಸದೊಂದು ಸಂಕಟ ಕಾದಿತ್ತು: ಅಣ್ಣನ ಬೊಗಸೆ ಡಬ್ಬದ ಬಾಯಿಯೊಳಗೆ ಹೋಗಲೊಲ್ಲದು. ಮೂರು ಬೊಗಸೆಯನ್ನು ಹದಿನೆಂಟು ಡಬ್ಬಗಳಿಗೆ ಹಂಚಿದರೆ ಬೊಗಸೆಗೆ ಆರು ಡಬ್ಬ, ಆದುದರಿಂದ ಒಂದು ಬೊಗಸೆಯನ್ನು ಆರು ಪಾಲು ಮಾಡಬೇಕೆಂದು ನಾನು ಲೆಕ್ಕ ಹೇಳಿದೆ. “ನೀವು ಸೀಮಂತಕ್ಕೆ ಹೋಗಿ” ಎಂದರು ಭಟ್ಟರು. ಅವರು ನನ್ನನ್ನು ಎಲ್ಲರೆದುರು ಛೇಡಿಸಿದ್ದು ಅದೇ ಮೊದಲು. ಕೊನೆಗೆ ಹದಿನೆಂಟನ್ನೂ ಕೊಪ್ಪರಿಗೆಗೆ ಸುರಿದು, ಉಪ್ಪು ಹಾಕಿ, ಕುದಿಸಿ, ಮತ್ತೆ ತುಂಬುವಷ್ಟರಲ್ಲಿ ನಲವತ್ತು ನಿಮಿಷ ಕಳೆಯಿತು. ಅಕ್ಕ ಎದ್ದು ಬಂದು ಡಬ್ಬ ತುಂಬಿದಳು, ತುಂಬಿ ಮುಗಿಸಿ ಮತ್ತೆ ಹೋಗಿ ಕುರ್ಚಿಯ ಮೇಲೆ ಕೂತಳು.

ಊಟದ ಗಾಡಿ ತಡವಾದರೆ ಕಾರಣ ಬರೆದ ಚೀಟಿ ಕೊಡಬೇಕೆಂಬುದು ಆ ಕಚೇರಿಯ ನಿಯಮ. ಅದಕ್ಕೆಂದೇ ಕಾರ್ಬನ್ ಹಾಳೆಯ ಒಂದು ಚೀಟಿ ಪುಸ್ತಕ ನಮ್ಮಲ್ಲಿತ್ತು. ನನ್ನ ಪೊಟ್ಟಣದ ಇಂಗ್ಲಿಷಿನಲ್ಲಿ ನಾನು ಬರೆಯಲು ಕೂತೆ. ಅಣ್ಣ ಹೇಳತೊಡಗಿದರು: ಸಿಬ್ಬಂದಿಯ ತಪ್ಪಿನಿಂದಾಗಿ ಇಂದು ಊಟ...

“ಯಾವ ಸಿಬ್ಬಂದೀರಿ?” ಎಂದಳು ಅಕ್ಕ. “ಹೆಸರು ಬರೀರಿ. ಅವರು ನಾಳೆ ಕೇಳ್ತಾರ, ನೀವು ನನ್ನ ಹೆಸರು ಹೇಳ್ತೀರಿ. ಈಗ ಬರೆದು ಬಿಡ್ರೀ, ನಾ ಈಗ ಹೋಗ್ತೀನಿ.”

ನನ್ನ ಪೆನ್ನು ನಿಂತಿತು. ಬೆಂಕಿಪೊಟ್ಟಣ ಎಣಿಸಿದ ಕೈಗೆ ಅಷ್ಟು ಮಾತ್ರ ಸಾಧ್ಯವಾಯಿತು. ಅದು ಮುಂದೆ ಬರೆಯಲಿಲ್ಲ. ಅಣ್ಣ ನನ್ನನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಸೌಟು ಹಿಡಿದು ನಿಂತ ಎಲ್ಲರನ್ನೂ ನೋಡಿದರು. ಬಳಿಕ ಪುಸ್ತಕವನ್ನು ನನ್ನಿಂದ ಕಿತ್ತುಕೊಂಡು, ಟೆಂಪೋದ ಬಾನೆಟ್ಟಿನ ಮೇಲಿಟ್ಟು, ತಾವೇ ಬರೆದರು. ಬರೆದದ್ದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದರು. ಕೈಮುಗಿಯಲಿಲ್ಲ. ಕೃತಜ್ಞತೆ ಸಲ್ಲಿಸಲಿಲ್ಲ. “ಆಯ್ತಾ? ಇನ್ನಾದ್ರೂ ಏಳಿ ಮಾರಾಯ್ರೆ” ಎಂದರು, ಅಷ್ಟೇ. ಅಕ್ಕ ಎದ್ದು ಕುರ್ಚಿಯನ್ನು ಪಕ್ಕಕ್ಕೆ ಎಳೆದಳು. ಟೆಂಪೋ ಹೊರಟಿತು.

ಮರುದಿನದಿಂದ ರುಚಿ ನೋಡುವ ಸರದಿ ತಿರುಗಿತು. ನೈವೇದ್ಯವಾದ ಮೇಲೆ ಡಬ್ಬ ತುಂಬುವವರು ಮೊದಲು, ಆಮೇಲೆ ಭಟ್ಟರು, ಎಲ್ಲರ ಕೊನೆಗೆ ಅಣ್ಣ. ತಮ್ಮ ಸರದಿ ಬರುವವರೆಗೆ ಅಣ್ಣ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು, ಯಾರಿಗೂ ಹುಬ್ಬು ಕಾಣದಿರಲೆಂದು. ಮಾತು ಒಮ್ಮೆಗೇ ಬರಲಿಲ್ಲ. ಮೊದಲು ಚಿಲಕದ ಮಾತು ಬಂತು, ಏಪ್ರನ್ನಿನದು ಬಂತು. ಸೀಮಂತದ ನಿಜವಾದ ಗಂಡ ಎದುರು ಬಂದು ನಿಂತಾಗ ಮಗುವಿಗೆ ಆಗಲೇ ಎರಡು ವಾರ. ಆಮೇಲೆ ತಡೆಯುವವರೇ ಇರಲಿಲ್ಲ. ಅಣ್ಣನ ಅತ್ತರು ಜೀರಿಗೆಯ ವಾಸನೆಯನ್ನು ಕೊಲ್ಲುತ್ತದೆ ಎಂದರು, ಅವರು ಗುನುಗುವ ಭಜನೆಗೆ ಶ್ರುತಿಯಿಲ್ಲ ಎಂದರು. ಒಂದು ದಿನ ಅವರು ಉಗ್ರಾಣಕ್ಕೆ ಬಂದು ನನ್ನೆದುರು ಗೋಣಿಯ ಮೇಲೆ ಕೂತು, “ಇವರು ಸ್ವಲ್ಪ ಕಡಿಮೆ ಮಾತಾಡುವ ಹಾಗೆ ಎಂತಾದ್ರೂ ಉಪಾಯ ಉಂಟಾ?” ಎಂದು ಕೇಳಿದರು. ಇಲ್ಲವೆಂದೆ.

ನನ್ನ ಮಾತನ್ನು ನಂಬಬೇಕೆಂದು ನಾನು ಯಾರನ್ನೂ ಕೇಳುವುದಿಲ್ಲ. ನಾನೇ ಯಾರ ಮಾತನ್ನೂ ಹಾಗೆ ನಂಬಿದವನಲ್ಲ. ಅಕ್ಕ ಈಗಲೂ ಕಳವಾದಿಂದ ದಿನವೂ ಬರುತ್ತಾಳೆ, ಡಬ್ಬ ತುಂಬುತ್ತಾಳೆ, ಹೋಗಿ ಕೇಳಬಹುದು. ಅವಳಿಗೆ ಪುರುಸೊತ್ತಿಲ್ಲದಿದ್ದರೆ ಚೀಟಿ ಪುಸ್ತಕ ಉಗ್ರಾಣದ ಕಬ್ಬಿಣದ ಕಪಾಟಿನ ಮೇಲಿನ ಹಲಗೆಯಲ್ಲಿದೆ, ಕಪಾಟಿಗೆ ಬೀಗವಿಲ್ಲ. ಕಾರ್ಬನ್ ಪ್ರತಿಯಾದುದರಿಂದ ಅಕ್ಷರ ತುಸು ಮಸುಕು, ಆದರೆ ಎರಡು ಕೈಗಳ ಬರಹ ಬೇರೆಬೇರೆಯಾಗಿ ಕಾಣುತ್ತದೆ. ಮೇಲಿನ ಸಾಲು ನನ್ನ ದುಂಡು ಅಕ್ಷರದ್ದು, “ಸಿಬ್ಬಂದಿಯ ತಪ್ಪಿನಿಂದಾಗಿ” ಎಂಬುದರ ಇಂಗ್ಲಿಷು. ಅದರ ಮೇಲೆ ಅಡ್ಡಗೆರೆ. ಕೆಳಗಿನದು ಬಾನೆಟ್ಟಿನ ಮೇಲೆ ಬರೆದದ್ದರಿಂದ ಸೊಟ್ಟಗಿದೆ, ಎರಡು ಕಾಗುಣಿತ ತಪ್ಪುಗಳಿವೆ, ನಾನು ತಿದ್ದಿಲ್ಲ. ಅದರ ಕನ್ನಡ ಇಷ್ಟು: “ಊಟ ನಲವತ್ತು ನಿಮಿಷ ತಡ. ಉಪ್ಪು ಹಾಕದವನು ನಾನು. ಉಪ್ಪಿಲ್ಲ ಎಂದವರನ್ನು ಹೊರಗೆ ಕೂರಿಸಿದವನೂ ನಾನು.” ಕೆಳಗೆ ಮಾಲೀಕರ ರುಜು.